ಮಸಿ ಹೊರಗೆ ಬರಬೇಕಾದರೆ ಗಾಳಿ ಒಳಗೆ ಹೋಗಬೇಕು

ಮಂಗಳೂರಿನಿಂದ ಮಡಿಕೇರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಬ್ಯಾಗಿನಲ್ಲಿ ಡೈರಿ, ಡೈರಿಯ ಪಕ್ಕದಲ್ಲಿ ಅಡ್ಡ ಮಲಗಿಸಿದ್ದ ಅಜ್ಜನ ಇಂಕ್ ಪೆನ್ನು. ಸಂಪಾಜೆ ಘಾಟಿ ಹತ್ತಿ, ಮಡಿಕೇರಿಯಲ್ಲಿ ಇಳಿದು ಕ್ಯಾಪ್ ತೆಗೆದರೆ ಬೆರಳೆಲ್ಲ ನೀಲಿ. ಕ್ಯಾಪಿನೊಳಗೆ ಮಸಿ ನಿಂತಿತ್ತು. ಡೈರಿಯ ಅಂಚಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕಲೆ. ಪಕ್ಕದ ಸೀಟಿನವರು ನೋಡಿ, "ಹಳೆ ಪೆನ್ನು, ಹಾಳಾಗಿದೆ, ಬಿಸಾಕಿ ಬಿಡಿ" ಅಂದರು. ಪೆನ್ನು ಹಾಳಾಗಿರಲಿಲ್ಲ. ಅದೇ ಬಸ್ಸಿನಲ್ಲಿ ಒಂದು ಮಗುವಿನ ಕೈಯಲ್ಲಿದ್ದ ಚಿಪ್ಸ್ ಪ್ಯಾಕೆಟ್ಟು ದಿಂಬಿನ ಹಾಗೆ ಉಬ್ಬಿಕೊಂಡಿತ್ತು. ಎರಡಕ್ಕೂ ಕಾರಣ ಒಂದೇ.

ಮಡಿಕೇರಿ ಇರುವುದು ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ನೂರಕ್ಕೆ 12ರಷ್ಟು ಕಡಿಮೆ. ಪೆನ್ನಿನ ಹೊಟ್ಟೆಯಲ್ಲಿ ಆವತ್ತು ಮಸಿ ಕಾಲುಭಾಗ, ಉಳಿದದ್ದೆಲ್ಲ ಗಾಳಿ. ಹೊರಗಿನ ಒತ್ತಡ ಕಡಿಮೆಯಾದ ಹಾಗೆ ಒಳಗಿನ ಗಾಳಿ ಹಿಗ್ಗಿತು. ಹಿಗ್ಗಿದ ಗಾಳಿಗೆ ಜಾಗ ಬೇಕು, ಮುಂದೆ ಮಸಿ ಕೂತಿದೆ. ಅದನ್ನೇ ತಳ್ಳಿತು. ಒಳಗೆ 3 ಮಿಲಿಲೀಟರ್ ಗಾಳಿ ಇದ್ದರೆ ಮಡಿಕೇರಿ ತಲುಪುವಷ್ಟರಲ್ಲಿ ಏಳೆಂಟು ಹನಿ ಮಸಿ ಹೊರಗೆ ಬರುವ ಲೆಕ್ಕ ಅದು. ಪೆನ್ನು ತುಂಬಿದ್ದರೆ ಹಿಗ್ಗುವುದಕ್ಕೆ ಗಾಳಿಯೇ ಇರುತ್ತಿರಲಿಲ್ಲ. ನಿಬ್ಬು ಮೇಲೆ ಮಾಡಿ ನಿಲ್ಲಿಸಿದ್ದರೆ ಗಾಳಿಯಷ್ಟೇ ಹೊರಗೆ ಹೋಗುತ್ತಿತ್ತು, ಮಸಿ ತಳದಲ್ಲಿ ಉಳಿಯುತ್ತಿತ್ತು.

ಇಂಕ್ ಪೆನ್ನಿನ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಗಾಳಿಯ ವಿಷಯವನ್ನೇ. ನಿಬ್ಬು ಚಿನ್ನದ್ದಾ, ಯಾವ ಕಂಪನಿ, ಎಷ್ಟು ರೂಪಾಯಿ, ಇವೆಲ್ಲ ಆಮೇಲಿನ ಮಾತು. ಪೆನ್ನು ಸೋರುವುದು, ಬರೆಯುತ್ತಾ ಬರೆಯುತ್ತಾ ನಿಂತುಬಿಡುವುದು, ಬೆಳಿಗ್ಗೆ ಮೊದಲ ಅಕ್ಷರ ಮೂಡದೇ ಇರುವುದು, ದಪ್ಪ ಹನಿ ತೊಟ್ಟಿಕ್ಕುವುದು, ಈ ತೊಂದರೆಗಳಲ್ಲಿ ಹೆಚ್ಚಿನವು ಗಾಳಿ ಮತ್ತು ಮಸಿ ಓಡಾಡುವ ದಾರಿಯಲ್ಲೇ ಹುಟ್ಟುತ್ತವೆ.

ನಿಬ್ಬಿನ ಕೆಳಗಿನ ನಾಲಿಗೆ

ಎಣ್ಣೆ ಡಬ್ಬ ತೆರೆಯುವಾಗ ಅಮ್ಮ ಮುಚ್ಚಳಕ್ಕೆ ಎರಡು ತೂತು ಹೊಡೆಯುತ್ತಿದ್ದರು. ಒಂದೇ ತೂತಾದರೆ ಎಣ್ಣೆ ಗಳಕ್ ಗಳಕ್ ಅಂತ ತಡೆದು ತಡೆದು ಬೀಳುತ್ತದೆ. ಎರಡನೇ ತೂತು ಗಾಳಿಗೆ. ಹೊರಗೆ ಹೋದ ಎಣ್ಣೆಯ ಜಾಗಕ್ಕೆ ಗಾಳಿ ಸರಾಗವಾಗಿ ಬಂದರೆ ಎಣ್ಣೆ ದಾರದ ಹಾಗೆ ಇಳಿಯುತ್ತದೆ.

ಪೆನ್ನಿಗೆ ಆ ಅನುಕೂಲ ಇಲ್ಲ. ಹಿಂದುಗಡೆ ಪೂರ್ತಿ ಮುಚ್ಚಿರುತ್ತದೆ. ಮಸಿ ಹೊರಗೆ ಬರುವುದೂ, ಗಾಳಿ ಒಳಗೆ ಹೋಗುವುದೂ ಒಂದೇ ಬಾಯಿಯಿಂದ. ಅದೂ ಗಳಕ್ ಅನ್ನದೆ, ಬರೆದಷ್ಟಕ್ಕೆ ಮಾತ್ರ. ಈ ಕೆಲಸ ಮಾಡುವುದು ನಿಬ್ಬಿನ ಹೊಟ್ಟೆಗೆ ಅಂಟಿಕೊಂಡಿರುವ ಕಪ್ಪು ತುಂಡು. ಅಂಗಡಿಯಲ್ಲಿ ಫೀಡ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ನಾಲಿಗೆ ಅನ್ನುತ್ತಿದ್ದರು. ನನಗೆ ಆ ಹೆಸರೇ ಸರಿ ಅನ್ನಿಸುತ್ತದೆ.

ನಾಲಿಗೆಯನ್ನು ಒಮ್ಮೆ ಹೊರಗೆಳೆದು ಭೂತಗನ್ನಡಿಯಲ್ಲಿ ನೋಡಿ. ಮೇಲ್ಭಾಗದಲ್ಲಿ ಉದ್ದಕ್ಕೆ ಒಂದು ಕಾಲುವೆ ಇದೆ. ಅದರ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಸೀಳುಗಳಿವೆ. ಸಣ್ಣ ಸೀಳಿನಲ್ಲಿ ಮಸಿ ತಾನಾಗಿ ಮುಂದೆ ಹರಿಯುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆದುಕೊಳ್ಳುವುದೂ ಇದೇ ಗುಣದಿಂದ. ಮೇಲಿನ ಅಗಲದ ಕಾಲುವೆಯಲ್ಲಿ ಗಾಳಿಯ ಗುಳ್ಳೆಗಳು ಹಿಂದಕ್ಕೆ ಹೋಗುತ್ತವೆ. ಕೆಳಭಾಗದಲ್ಲಿ ಅಥವಾ ನಾವು ಬೆರಳಲ್ಲಿ ಹಿಡಿಯುವ ಕುತ್ತಿಗೆಯ ಒಳಗೆ ಬಾಚಣಿಗೆಯಂಥ ಹಲ್ಲುಗಳಿರುತ್ತವೆ. ಅವು ಅಂದಕ್ಕಲ್ಲ. ಒಳಗಿನಿಂದ ಸ್ವಲ್ಪ ಜಾಸ್ತಿ ಮಸಿ ಬಂದುಬಿಟ್ಟರೆ ಆ ಹಲ್ಲುಗಳ ಸಂದಿಯಲ್ಲಿ ಅದು ನಿಲ್ಲುತ್ತದೆ, ಕಾಗದದ ಮೇಲೆ ಬೀಳುವುದಿಲ್ಲ. ಏಳೆಂಟು ಹನಿ ಒಟ್ಟಿಗೆ ಬಂದರೆ ಮಾತ್ರ ಪಾಪ ಅದರ ಕೈಲಾಗುವುದಿಲ್ಲ.

ಮಸಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವ ಪೆನ್ನು ಮಾಡುವ ಪ್ರಯತ್ನ ಬಹಳ ಹಳೆಯದು. ರೊಮೇನಿಯಾದ ಪೆಟ್ರಾಕೆ ಪೊಯೆನಾರು ಪ್ಯಾರಿಸ್ಸಿನಲ್ಲಿ ಓದುತ್ತಿದ್ದಾಗ, 1827ರಲ್ಲೇ, ಅಂಥ ಪೆನ್ನಿಗೆ ಪೇಟೆಂಟ್ ಪಡೆದಿದ್ದ. ಆದರೆ ಮಸಿ ಒಂದೋ ಬರುತ್ತಿರಲಿಲ್ಲ, ಬಂದರೆ ನಿಲ್ಲುತ್ತಿರಲಿಲ್ಲ. ದಿನಬಳಕೆಗೆ ನಂಬುವಂಥ ಪೆನ್ನು ಬಂದದ್ದು 1884ರಲ್ಲಿ. ನ್ಯೂಯಾರ್ಕಿನಲ್ಲಿ ವಿಮೆ ಕೆಲಸ ಮಾಡುತ್ತಿದ್ದ ಲೂಯಿಸ್ ವಾಟರ್‌ಮನ್ ನಾಲಿಗೆಯ ಕಾಲುವೆಯಲ್ಲಿ ಸಣ್ಣ ಸೀಳುಗಳನ್ನು ಕೊರೆದು, ಮಸಿಗೆ ಒಂದು ದಾರಿ, ಗಾಳಿಗೆ ಒಂದು ದಾರಿ ಮಾಡಿಕೊಟ್ಟ. ಒಪ್ಪಂದದ ಪತ್ರದ ಮೇಲೆ ಮಸಿ ಚೆಲ್ಲಿ ಗಿರಾಕಿ ತಪ್ಪಿಹೋದದ್ದಕ್ಕೆ ಅವನು ಇದನ್ನು ಕಂಡುಹಿಡಿದ ಅನ್ನುವ ಕಥೆ ಎಲ್ಲೆಡೆ ಓಡಾಡುತ್ತದೆ. ಅದು ಕಂಪನಿಯವರು ಮುಂದೆ ಜಾಹೀರಾತಿನಲ್ಲಿ ಹೇಳಿದ ಕಥೆ, ಅದಕ್ಕೆ ಆಧಾರ ಇಲ್ಲ.

ಗಾಳಿ ಹಿಗ್ಗುವುದಕ್ಕೆ ಘಾಟಿಯೇ ಬೇಕಿಲ್ಲ, ಅಂಗೈ ಬಿಸಿಯೂ ಸಾಕು. ಕೊಳವೆಗೇ ನೇರ ಮಸಿ ತುಂಬುವ ಪೆನ್ನಿನಲ್ಲಿ ಮಸಿ ಮುಗಿಯುತ್ತಾ ಬಂದಾಗ ಇದ್ದಕ್ಕಿದ್ದಂತೆ ಒಂದು ದಪ್ಪ ಹನಿ ಬೀಳುತ್ತದೆ, ಗಮನಿಸಿದ್ದೀರಾ? 3 ಮಿಲಿ ಗಾಳಿ 10 ಡಿಗ್ರಿ ಬಿಸಿಯಾದರೆ 0.1 ಮಿಲಿಯಷ್ಟು ಹಿಗ್ಗುತ್ತದೆ. ಅಂದರೆ ಎರಡು ಹನಿ. ಚಳಿಗಾಲದ ಬೆಳಿಗ್ಗೆ ತಣ್ಣಗಿನ ಪೆನ್ನನ್ನು ಬೆಚ್ಚಗಿನ ಕೈಯಲ್ಲಿ ಹಿಡಿದರೆ ಇಷ್ಟು ಆಗಿಯೇ ಆಗುತ್ತದೆ. ಅದಕ್ಕೇ ಇಂಥ ಪೆನ್ನಿನಲ್ಲಿ ಮಸಿ ಕಾಲುಭಾಗಕ್ಕೆ ಇಳಿಯುವ ಮೊದಲೇ ಮತ್ತೆ ತುಂಬಬೇಕು. ವಿಮಾನದಲ್ಲೂ ಇದೇ ಲೆಕ್ಕ. ಒಂದೋ ಪೂರ್ತಿ ತುಂಬಿ, ಇಲ್ಲ ಪೂರ್ತಿ ಖಾಲಿ ಮಾಡಿ. ಹೇಗಿದ್ದರೂ ನಿಬ್ಬು ಮೇಲಿರಲಿ.

ಮಸಿ ತುಂಬುವ ಬಗೆಗಳು ಹತ್ತಾರಿವೆ. ಮಸಿ ತುಂಬಿದ ಪ್ಲಾಸ್ಟಿಕ್ಕಿನ ಕಾರ್ಟ್ರಿಜ್ ಚುಚ್ಚುವುದು, ಅದರ ಜಾಗದಲ್ಲಿ ಕೂತು ತಿರುಗಿಸಿದರೆ ಮಸಿ ಎಳೆದುಕೊಳ್ಳುವ ಕನ್ವರ್ಟರ್, ಹೀರೋ ಪೆನ್ನಿನ ಹಾಗೆ ರಬ್ಬರ್ ಚೀಲ ಒತ್ತುವುದು, ಹಿಂದಿನ ಗುಂಡಿ ತಿರುವಿದರೆ ಇಡೀ ಕೊಳವೆಯೇ ಮಸಿ ಎಳೆದುಕೊಳ್ಳುವ ಪಿಸ್ಟನ್. ಪಿಸ್ಟನ್ ಪೆನ್ನನ್ನು ಜರ್ಮನಿಯ ಪೆಲಿಕಾನ್ 1929ರಲ್ಲಿ ತಂದಿತು. ಹೊಸಬರಿಗೆ ನಾನು ಕನ್ವರ್ಟರ್ ಇರುವ ಪೆನ್ನನ್ನೇ ಹೇಳುತ್ತೇನೆ. 1 ಮಿಲಿಗಿಂತ ಕಡಿಮೆ ಹಿಡಿಯುತ್ತದೆ, ನಿಜ. ಆದರೆ ಒಳಗಿನ ಗಾಳಿಯೂ ಕಡಿಮೆ, ಸೋರುವುದೂ ಕಡಿಮೆ, ತೊಳೆಯುವುದು ಸುಲಭ. ದಿನಕ್ಕೆ ಹತ್ತು ಪುಟ ಬರೆಯುವವರಿಗೆ ಮಾತ್ರ ಫಿಲ್ಲರ್‌ನಿಂದ ನೇರ ತುಂಬುವ ಪೆನ್ನು ಒಳ್ಳೆಯದು. ಅದರ ತಿರುಪಿಗೆ ಅಕ್ಕಿ ಕಾಳಿನಷ್ಟು ಸಿಲಿಕೋನ್ ಗ್ರೀಸ್ ಹಚ್ಚಿ. ಹಿಂದೆ ಮನೆಯಲ್ಲಿ ಮೇಣದ ಬತ್ತಿ ಉಜ್ಜುತ್ತಿದ್ದೆವು. ಅದಕ್ಕಿಂತ ಗ್ರೀಸ್ ಎಷ್ಟೋ ಮೇಲು.

ಕನ್ನಡ ಬರೆಯುವವರಿಗೆ ಯಾವ ನಿಬ್ಬು

ನಿಬ್ಬಿನ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಗುಂಡು ಇರುತ್ತದೆ. ಕಾಗದಕ್ಕೆ ತಾಗುವುದು ಅದೊಂದೇ. ಬಹಳ ಗಟ್ಟಿ ಲೋಹ. ಮೊದಲು ಇರಿಡಿಯಂ ಹಾಕುತ್ತಿದ್ದರು. ಈಗ ಹೆಚ್ಚಾಗಿ ಬೇರೆ ಗಟ್ಟಿ ಲೋಹಗಳ ಮಿಶ್ರಣ. 'ಇರಿಡಿಯಂ ಪಾಯಿಂಟ್' ಅನ್ನುವ ಬರಹ ಮಾತ್ರ ನಿಬ್ಬಿನ ಮೇಲೆ ಉಳಿದುಕೊಂಡಿದೆ. ಈ ಗುಂಡು ಚಿನ್ನದ ನಿಬ್ಬಿಗೂ ಸ್ಟೀಲ್ ನಿಬ್ಬಿಗೂ ಒಂದೇ ಥರ. ಹಾಗಾಗಿ ಚಿನ್ನದ್ದು ನುಣ್ಣಗೆ ಬರೆಯುತ್ತದೆ ಅನ್ನುವ ಮಾತಿನಲ್ಲಿ ಹುರುಳಿಲ್ಲ. ನುಣುಪು ಬರುವುದು ಗುಂಡನ್ನು ಹೇಗೆ ಉಜ್ಜಿದ್ದಾರೆ ಅನ್ನುವುದರ ಮೇಲೆ. ಹಿಂದಿನ ಕಾಲದ ಹುಳಿ, ಅಂದರೆ ಆಮ್ಲ ಇರುವ, ಮಸಿಗೆ ಸ್ಟೀಲ್ ತುಕ್ಕು ಹಿಡಿಯುತ್ತಿತ್ತು, ಚಿನ್ನ ಹಿಡಿಯುತ್ತಿರಲಿಲ್ಲ. ಚಿನ್ನ ನಿಬ್ಬಿಗೆ ಬಂದದ್ದು ಮುಖ್ಯವಾಗಿ ಅದಕ್ಕೇ.

ಸಣ್ಣದು (ಫೈನ್), ಮಧ್ಯಮ (ಮೀಡಿಯಂ), ದಪ್ಪ ಅಂತ ನಿಬ್ಬುಗಳಿಗೆ ಅಳತೆ ಇದೆ. ಆದರೆ ಜಪಾನಿನ ಫೈನ್ ಬೇರೆ, ಜರ್ಮನಿಯ ಫೈನ್ ಬೇರೆ. ಜಪಾನೀ ಲಿಪಿಯಲ್ಲಿ ಒಂದು ಚಿಕ್ಕ ಚೌಕದೊಳಗೆ ಹದಿನೈದು ಇಪ್ಪತ್ತು ಗೆರೆ ಹಾಕಬೇಕಾಗುತ್ತದೆ. ಅದಕ್ಕೆ ಪೈಲಟ್, ಸೈಲರ್, ಪ್ಲಾಟಿನಂ ಕಂಪನಿಗಳ ಫೈನ್ ನಿಬ್ಬು ಸೂಜಿಯಷ್ಟು ಸಣ್ಣ. ಯುರೋಪಿನವರ ಫೈನ್ ಅದಕ್ಕಿಂತ ದಪ್ಪ.

ಕನ್ನಡಕ್ಕೆ ಎರಡೂ ಕಡೆಯ ಬೇಡಿಕೆ ಇದೆ. ನಮ್ಮ ಅಕ್ಷರಗಳು ಗುಂಡು. ನಿಬ್ಬು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಎಲ್ಲ ದಿಕ್ಕಿಗೂ ತಿರುಗುತ್ತದೆ. ಸೂಜಿಯಂಥ ನಿಬ್ಬನ್ನು ಮೇಲ್ಮುಖವಾಗಿ ತಳ್ಳಿದರೆ ಕಾಗದವನ್ನು ಗೀರುತ್ತದೆ, ನಾರು ಕಿತ್ತು ನಿಬ್ಬಿನ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಂತ ದಪ್ಪ ನಿಬ್ಬು ಹಿಡಿದರೆ 'ಠ'ದೊಳಗಿನ ಚುಕ್ಕೆ ತುಂಬಿಹೋಗಿ ಅದು ಯಾವ ಅಕ್ಷರ ಅಂತಲೇ ಗೊತ್ತಾಗುವುದಿಲ್ಲ. 'ರಾಷ್ಟ್ರ' ಅಂತ ಬರೆದು ನೋಡಿ. ಷಕಾರದ ಕೆಳಗೆ ಟಕಾರದ ಒತ್ತು, ಅದರ ಪಕ್ಕದಲ್ಲಿ ರಕಾರದ ಒತ್ತು. ಇಷ್ಟನ್ನು ಗೆರೆ ನೋಟ್‌ಬುಕ್ಕಿನ ಒಂದು ಸಾಲಿನೊಳಗೆ ಕೂರಿಸಬೇಕು. ದಪ್ಪ ನಿಬ್ಬಿನಲ್ಲಿ ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತವೆ. ನಾನು ಹಲವು ವರ್ಷ ಬರೆದು ಕಂಡುಕೊಂಡದ್ದು ಇಷ್ಟು: ಯುರೋಪ್ ಅಳತೆಯ ಫೈನ್ ಅಥವಾ ಜಪಾನೀ ಅಳತೆಯ ಮೀಡಿಯಂ ಕನ್ನಡಕ್ಕೆ ಸರಿಯಾದ ಜಾಗ. ಸಹಿಗೆ ಬೇಕಾದರೆ ದಪ್ಪದ್ದು ಒಂದು ಇಟ್ಟುಕೊಳ್ಳಿ.

ಬಾಲ್ ಪೆನ್ನಿನಿಂದ ಬಂದವರು ಒಂದು ಅಭ್ಯಾಸ ಬಿಡಬೇಕು. ಒತ್ತುವುದು. ಬಾಲ್ ಪೆನ್ನಿನಲ್ಲಿ ಗುಂಡು ಉರುಳಬೇಕಾದರೆ ಒತ್ತಬೇಕು. ಇಲ್ಲಿ ನಿಬ್ಬು ಕಾಗದಕ್ಕೆ ತಾಗಿದರೆ ಸಾಕು, ಮಸಿಯನ್ನು ಕಾಗದವೇ ಎಳೆದುಕೊಳ್ಳುತ್ತದೆ. ಒತ್ತಿದರೆ ನಿಬ್ಬಿನ ಎರಡು ಹಲ್ಲು ಅಗಲವಾಗಿ ಸೀಳು ದೊಡ್ಡದಾಗುತ್ತದೆ. ಆಗ ಮಸಿ ತುದಿಯವರೆಗೆ ಬರುವುದೇ ಇಲ್ಲ. ಬರಲಿಲ್ಲ ಅಂತ ಇನ್ನೂ ಒತ್ತುತ್ತೇವೆ. ನಿಬ್ಬು ಕೆಡುವುದು ಹೀಗೆ. "ನಿನ್ನ ಪೆನ್ನು ಬೇರೆಯವರಿಗೆ ಕೊಡಬೇಡ" ಅಂತ ಹಿರಿಯರು ಹೇಳುತ್ತಿದ್ದದ್ದಕ್ಕೂ ನನ್ನ ಪ್ರಕಾರ ಇದೇ ಕಾರಣ. ತುದಿಯ ಗುಂಡು ಅಷ್ಟು ಬೇಗ ಸವೆಯುವುದಿಲ್ಲ. ಆದರೆ ಇನ್ನೊಬ್ಬರ ಕೈಯ ಒತ್ತಡ ಅರ್ಧ ನಿಮಿಷದಲ್ಲಿ ನಿಬ್ಬನ್ನು ಅಗಲಿಸಿಬಿಡುತ್ತದೆ.

ಮಸಿ ಅಂದರೆ ಕಾಡಿಗೆ, ಆದರೆ ಪೆನ್ನಿಗೆ ಕಾಡಿಗೆ ಆಗದು

ಕಾಲೇಜಿನಲ್ಲಿದ್ದಾಗ ಒಂದು ಅಂಗಡಿಯಲ್ಲಿ ಕಪ್ಪು ಮಸಿ ಕೇಳಿದೆ. ಚಿತ್ರ ಬರೆಯುವ ಇಂಡಿಯನ್ ಇಂಕ್ ಕೊಟ್ಟರು. "ಎಲ್ಲಾ ಇಂಕೂ ಒಂದೇ" ಅಂದರು. ನಂಬಿ ತುಂಬಿಸಿದೆ. ಮೊದಲ ಪುಟ ಅಚ್ಚು ಹಾಕಿದ ಹಾಗೆ ಕಪ್ಪಗೆ ಬಂತು. ಮರುದಿನ ಬೆಳಿಗ್ಗೆ ಒಂದು ಗೆರೆಯೂ ಇಲ್ಲ. ನಾಲಿಗೆಯ ಸೀಳುಗಳಲ್ಲಿ ಕಪ್ಪು ಅರಗಿನಂಥದ್ದು ಗಟ್ಟಿಯಾಗಿ ಕೂತಿತ್ತು. ಮೂರು ದಿನ ನೀರಲ್ಲಿ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರೂ ಪೂರ್ತಿ ಹೋಗಲಿಲ್ಲ. ನಾಲಿಗೆ ಬದಲಾಯಿಸಬೇಕಾಯಿತು.

ನಮ್ಮ ಭಾಷೆಯಲ್ಲಿ 'ಮಸಿ' ಅನ್ನುವ ಮಾತಿಗೆ ಎರಡು ಅರ್ಥ. ಬರೆಯುವ ಮಸಿ, ಒಲೆ ಮೇಲಿಟ್ಟ ಪಾತ್ರೆಯ ತಳದ ಮಸಿ. ಎರಡೂ ಒಂದೇ ವಸ್ತುವಾಗಿದ್ದ ಕಾಲ ಇತ್ತು. ದೀಪದ ಕಾಡಿಗೆ ಹಿಡಿದು, ಅಂಟು ಸೇರಿಸಿ, ಅರೆದು ಬರೆಯುತ್ತಿದ್ದರು. ಓಲೆಗರಿಯಲ್ಲಿ ಕಂಠ ಅನ್ನುವ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರಗಳಿಗೆ ಬಳಿಯುತ್ತಿದ್ದದ್ದೂ ಕಾಡಿಗೆಯನ್ನೇ. ಕಾಡಿಗೆ ಬಣ್ಣ ಬಿಡುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ಆದರೆ ಅದು ನೀರಿನಲ್ಲಿ ಕರಗುವುದೂ ಇಲ್ಲ. ಕಣಕಣವಾಗಿ ತೇಲುತ್ತಿರುತ್ತದೆ, ಅಷ್ಟೆ. ಅದ್ದಿ ಬರೆಯುವ ಕಡ್ಡಿಗೆ ಅದರಿಂದ ತೊಂದರೆ ಇಲ್ಲ, ಒರೆಸಿದರೆ ಮುಗಿಯಿತು. ಕೂದಲೆಳೆಯ ಸೀಳಿರುವ ನಾಲಿಗೆಯಲ್ಲಿ ಮಾತ್ರ ಆ ಕಣಗಳು ಒಣಗಿ ಗೋಡೆ ಕಟ್ಟುತ್ತವೆ. ಇಂಡಿಯನ್ ಇಂಕಿನಲ್ಲಿ ಅರಗಿನ ಅಂಟೂ ಇರುತ್ತದೆ. ಒಮ್ಮೆ ಒಣಗಿದರೆ ನೀರಿಗೆ ಬಗ್ಗುವುದಿಲ್ಲ.

ಇಂಕ್ ಪೆನ್ನಿನ ಮಸಿ ಬೇರೆಯೇ. ಅದು ಬಹುಪಾಲು ನೀರು. ಅದರಲ್ಲಿ ಕರಗಿದ ಬಣ್ಣ, ಬೇಗ ಒಣಗದ ಹಾಗೆ ಗ್ಲಿಸರಿನ್ ಥರದ ಒಂದು ಪದಾರ್ಥ, ಸರಾಗ ಹರಿಯಲು ಸೋಪಿನ ಗುಣದ್ದು ಸ್ವಲ್ಪ, ಬೂಷ್ಟು ಹಿಡಿಯದ ಹಾಗೆ ಒಂದು ಔಷಧ. ಹಳೇ ಮಸಿ ಬುಡ್ಡಿ ಮೂಗಿಗೆ ಹಿಡಿದರೆ ಆಸ್ಪತ್ರೆಯ ವಾಸನೆ ಬರುತ್ತದೆ ಅಲ್ವಾ? ಅದು ಫಿನಾಲ್, ಬೂಷ್ಟಿಗೆ ಹಾಕಿದ್ದು. ಈ ಜಾತಿಯ ಮಸಿ ಪೆನ್ನಿಗೆ ಬಹಳ ಒಳ್ಳೆಯದು. ಒಣಗಿದರೂ ನೀರು ಹಾಕಿದರೆ ಕರಗಿ ಹೋಗುತ್ತದೆ. ಅದರ ತೊಂದರೆಯೂ ಅದೇ. ಕಾಗದದ ಮೇಲೆ ಒಂದು ಹನಿ ನೀರು ಬಿದ್ದರೆ ಬರಹವೂ ಕರಗುತ್ತದೆ. ರಾಯಲ್ ಬ್ಲೂ ಮಸಿಯಲ್ಲಿ ಬರೆದ ಕಾಗದವನ್ನು ಕಿಟಕಿ ಪಕ್ಕ ಕೆಲವು ತಿಂಗಳು ಇಟ್ಟರೆ ಮಾಸಿಹೋಗುತ್ತದೆ. ಮನೆ ಪತ್ರ, ಕರಾರು, ಚೆಕ್ಕುಗಳಿಗೆ ಇದು ಬೇಡವೇ ಬೇಡ.

ಉಳಿಯುವ ಬರಹಕ್ಕೆ ಹಳೆಯ ದಾರಿ ಒಂದಿದೆ. ಅದನ್ನು ಅರ್ಥ ಮಾಡಿಕೊಳ್ಳಲು ಅಡುಗೆಮನೆಗೆ ಹೋದರೆ ಸಾಕು. ನೆಲ್ಲಿಕಾಯಿಯನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಕಪ್ಪಾಗುತ್ತದೆ. ತಲೆಗೆ ಹಚ್ಚುವ ಮೆಹಂದಿಯನ್ನು ಚಹಾ ಡಿಕಾಕ್ಷನ್ ಹಾಕಿ ಕಬ್ಬಿಣದ ಬಾಣಲೆಯಲ್ಲೇ ರಾತ್ರಿಯಿಡೀ ಇಡುತ್ತಾರೆ, ಅದೂ ಕಪ್ಪು ಬರಲಿ ಅಂತ. ಒಗರಿನ ವಸ್ತುವಿನಲ್ಲಿ ಟ್ಯಾನಿನ್ ಇರುತ್ತದೆ. ಮಲೆನಾಡಿನವರು ಅಡಿಕೆ ಬೇಯಿಸಿದ ನೀರಿಗೆ ಚೊಗರು ಅನ್ನುತ್ತಾರಲ್ಲ, ಅದರಲ್ಲಿರುವುದೂ ಅದೇ. ಟ್ಯಾನಿನ್ನಿಗೆ ಕಬ್ಬಿಣ ಸೇರಿ ಗಾಳಿ ತಾಗಿದರೆ ಕಪ್ಪು. ಯುರೋಪಿನವರು ಓಕ್ ಮರದ ಗಂಟುಕಾಯಿಯ ಒಗರಿಗೆ ಕಬ್ಬಿಣದ ಉಪ್ಪು ಬೆರೆಸಿ ನೂರಾರು ವರ್ಷ ಬರೆದರು. ನಮ್ಮ ಕಡೆ ಅಳಲೆಕಾಯಿ ಮತ್ತು ಅನ್ನಭೇದಿ ಅನ್ನುವ ಕಬ್ಬಿಣದ ಉಪ್ಪಿನಿಂದ ಇದೇ ಕಪ್ಪನ್ನು ತೆಗೆಯುತ್ತಿದ್ದರು.

ಈ ಮಸಿ ಬುಡ್ಡಿಯೊಳಗೆ ಬಹಳ ತಿಳಿ. ಬರೆಯುವಾಗ ಅಕ್ಷರ ಕಾಣಲಿ ಅಂತ ಅದಕ್ಕೆ ನೀಲಿ ಬಣ್ಣ ಸೇರಿಸುತ್ತಾರೆ. ಬ್ಲೂ-ಬ್ಲ್ಯಾಕ್ ಅನ್ನುವ ಹೆಸರು ಬಂದದ್ದು ಹಾಗೆ. ಬರೆದಾಗ ನೀಲಿ, ಆಮೇಲೆ ಕಪ್ಪು. ಸಾಲೊಂದನ್ನು ಬರೆದಿಟ್ಟು ಕಾಫಿ ಕುಡಿದು ಬನ್ನಿ. ಬಣ್ಣ ಒಂದು ಮಟ್ಟ ಗಾಢವಾಗಿರುತ್ತದೆ. ನಾಳೆ ಇನ್ನೂ ಗಾಢ. ಕಬ್ಬಿಣ ಕಾಗದದ ನಾರಿನೊಳಗೇ ಕಪ್ಪಾಗಿ ಕೂರುವುದರಿಂದ ನೀರು ಬಿದ್ದರೂ ಬರಹ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ಮದುವೆ, ಜನನದ ರಿಜಿಸ್ಟರುಗಳಿಗೆ ಇಂಥ ಮಸಿಯನ್ನೇ ಬಳಸುತ್ತಾ ಬಂದರು. ಡಯಮೈನ್ ಕಂಪನಿಯ ರಿಜಿಸ್ಟ್ರಾರ್ಸ್ ಇಂಕ್, ಜಪಾನಿನ ಪ್ಲಾಟಿನಂ ಬ್ಲೂ-ಬ್ಲ್ಯಾಕ್ ಈಗಲೂ ಈ ಜಾತಿಯವೇ. ಹೆಸರು ಬ್ಲೂ-ಬ್ಲ್ಯಾಕ್ ಅಂತ ಇದ್ದ ಮಾತ್ರಕ್ಕೆ ಎಲ್ಲದರಲ್ಲೂ ಕಬ್ಬಿಣ ಇರುವುದಿಲ್ಲ, ಲೇಬಲ್ ನೋಡಿ. ಹುಳಿ ಮಸಿ ಆದ್ದರಿಂದ ತಿಂಗಳುಗಟ್ಟಲೆ ಪೆನ್ನಿನಲ್ಲಿ ಬಿಡಬೇಡಿ.

ಹಚ್ಚಿದ ಮೇಲೆ ಕಪ್ಪಾಗುವ ಇನ್ನೊಂದು ಮಸಿ ನಮ್ಮ ಮೈಸೂರಿನಲ್ಲೇ ತಯಾರಾಗುತ್ತದೆ. ಮತ ಹಾಕಿದಾಗ ಬೆರಳಿಗೆ ಹಚ್ಚುವುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಶುರುವಾದ ಅರಗಿನ ಕಾರ್ಖಾನೆ ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ಅವರು ಈ ಮಸಿ ಕೊಡುತ್ತಿದ್ದಾರೆ. ಅದರಲ್ಲಿರುವುದು ಬೆಳ್ಳಿಯ ಉಪ್ಪು. ಚರ್ಮದ ಉಪ್ಪಿನ ಜೊತೆ ಸೇರಿ ಬೆಳಕಿಗೆ ಕಪ್ಪಾಗುತ್ತದೆ. ಅಲ್ಲಿ ಕಬ್ಬಿಣದ ಬದಲು ಬೆಳ್ಳಿ, ಗಾಳಿಯ ಬದಲು ಬೆಳಕು. ಪೆನ್ನಿಗೆ ಮಾತ್ರ ಅದು ಬೇಡ.

ಕಾಡಿಗೆಯೂ ಈಗ ಪೆನ್ನಿಗೆ ವಾಪಸ್ ಬಂದಿದೆ. ಪ್ಲಾಟಿನಂನ ಕಾರ್ಬನ್ ಬ್ಲ್ಯಾಕ್, ಸೈಲರ್‌ನ ಕಿವಾಗುರೊ ಮಸಿಗಳಲ್ಲಿ ಕಾಡಿಗೆಯ ಕಣವನ್ನು ಎಷ್ಟು ಸಣ್ಣ ಮಾಡಿದ್ದಾರೆಂದರೆ ಅವು ನಾಲಿಗೆಯ ಸೀಳಿನಲ್ಲಿ ನಿಲ್ಲದೆ ಹರಿಯುತ್ತವೆ. ದಿನಾ ಬರೆಯುವ ಪೆನ್ನಿಗೆ ಹಾಕಬಹುದು. ವಾರಗಟ್ಟಲೆ ಮುಚ್ಚಿಟ್ಟರೆ ಇದೂ ಕಟ್ಟಿಕೊಳ್ಳುತ್ತದೆ.

ಕಾಗದದ ಬಗ್ಗೆ ಒಂದೇ ಮಾತು. ಮಸಿ ಬೇರು ಬಿಟ್ಟ ಹಾಗೆ ಹರಡಿದರೆ, ಹಿಂದಿನ ಪುಟಕ್ಕೆ ಇಳಿದರೆ, ಮಸಿಯನ್ನು ಬಯ್ಯುವ ಮೊದಲು ಕಾಗದ ಬದಲಾಯಿಸಿ ನೋಡಿ. ಬಟ್ಟೆಗೆ ಗಂಜಿ ಹಾಕಿದ ಹಾಗೆ ಕಾಗದಕ್ಕೂ ಹಾಕುತ್ತಾರೆ. ಗಂಜಿ ಚೆನ್ನಾಗಿದ್ದರೆ ಮಸಿ ಮೇಲೆ ನಿಲ್ಲುತ್ತದೆ. ದಪ್ಪ ಕಾಗದ ಅಂದರೆ ಒಳ್ಳೆ ಕಾಗದ ಅಂತಲ್ಲ. ಜಪಾನಿನ ತೊಮೊಯೆ ರಿವರ್ ಕಾಗದ ಬರೀ 52 ಜಿಎಸ್ಎಂ, ನಮ್ಮ ಜೆರಾಕ್ಸ್ ಹಾಳೆಗಿಂತ ತೆಳ್ಳಗೆ. ಅದರ ಮೇಲೆ ಮಸಿ ಎಲ್ಲಿಟ್ಟಿರೋ ಅಲ್ಲೇ ಕೂರುತ್ತದೆ.

ಏನನ್ನು ಕೂಡಿಡುವುದು

ಪೆನ್ನು ಕೂಡಿಡುವವರು ಮಾಂಟ್‌ಬ್ಲಾಂಕ್, ಪಾರ್ಕರ್ 51 ಹುಡುಕುತ್ತಾರೆ. ಹುಡುಕಲಿ. ಮಾಂಟ್‌ಬ್ಲಾಂಕ್‌ನ ದೊಡ್ಡ ನಿಬ್ಬಿನ ಮೇಲೆ 4810 ಅಂತ ಕೆತ್ತಿರುತ್ತಾರೆ, ಅದು ಮಾಂಟ್ ಬ್ಲಾಂಕ್ ಶಿಖರಕ್ಕೆ ಹಿಂದಿನಿಂದ ಹೇಳಿಕೊಂಡು ಬಂದ ಎತ್ತರ, ಮೀಟರಿನಲ್ಲಿ. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51ರಲ್ಲಿ ನಿಬ್ಬು ಮುಸುಕಿನೊಳಗೆ ಅಡಗಿರುತ್ತದೆ. ಬೇಗ ಒಣಗುವ ಮಸಿ ನಿಬ್ಬಿನಲ್ಲೇ ಒಣಗದಿರಲಿ ಅಂತ ಹಾಗೆ ಮಾಡಿದ್ದು. ನಮ್ಮ ತಲೆಮಾರಿನವರ ಶಾಲೆಯ ಚೀಲದಲ್ಲಿದ್ದ ಶಾಂಘೈನ ಹೀರೋ 616 ಅದೇ ರೂಪದ್ದು. ಚಿನ್ನದ ಬಣ್ಣದ ಬಾಣದ ಕ್ಲಿಪ್ಪು ನೆನಪಿದೆಯಾ?

ಆದರೆ ನನಗೆ ಜಾಸ್ತಿ ಪ್ರೀತಿ ನಮ್ಮ ದೇಶದ ಎಬೊನೈಟ್ ಪೆನ್ನುಗಳ ಮೇಲೆ. ಎಬೊನೈಟ್ ಅಂದರೆ ರಬ್ಬರಿಗೆ ಗಂಧಕ ಜಾಸ್ತಿ ಬೆರೆಸಿ ಬೇಯಿಸಿ ಮರದಷ್ಟು ಗಟ್ಟಿ ಮಾಡಿದ್ದು. ಅಂಗೈಯಲ್ಲಿ ಸ್ವಲ್ಪ ಹೊತ್ತು ಉಜ್ಜಿ ಮೂಗಿಗೆ ಹಿಡಿದರೆ ಗಂಧಕದ ವಾಸನೆ ಬರುತ್ತದೆ. ಕೈಗೆ ತಣ್ಣಗೆ ಹತ್ತುವುದಿಲ್ಲ, ಜಾರುವುದಿಲ್ಲ. ಬಿಸಿಲಿಗಿಟ್ಟರೆ ಕಪ್ಪು ಹೋಗಿ ಕಂದಾಗುತ್ತದೆ, ಹಾಗಾಗಿ ಕಿಟಕಿಯಲ್ಲಿ ಇಡಬೇಡಿ. ಎಬೊನೈಟಿನ ನಾಲಿಗೆಗೂ ಒಂದು ಗುಣ ಇದೆ. ಮಸಿ ಅದರ ಮೈಗೆ ಚೆನ್ನಾಗಿ ಹತ್ತಿಕೊಳ್ಳುತ್ತದೆ, ಪ್ಲಾಸ್ಟಿಕ್ಕಿನ ಮೇಲಾದರೆ ಹನಿಯಾಗಿ ಜಾರುತ್ತದೆ. ಬಿಸಿನೀರಿಗೆ ಹಿಡಿದರೆ ಎಬೊನೈಟ್ ಸ್ವಲ್ಪ ಬಾಗುತ್ತದೆ. ನಿಬ್ಬಿಗೂ ನಾಲಿಗೆಗೂ ನಡುವೆ ಸಂದಿ ಬಿದ್ದಿದ್ದರೆ ಹಾಗೆ ಬಾಗಿಸಿ ಕೂಡಿಸಬಹುದು.

ಆಂಧ್ರದ ರಾಜಮಂಡ್ರಿಯಲ್ಲಿ ಕೆ.ವಿ. ರತ್ನಂ 1930ರ ದಶಕದಲ್ಲಿ ಲೇತ್ ಮೇಲೆ ಇಂಥ ಪೆನ್ನು ಕಡೆಯಲು ಶುರು ಮಾಡಿದರು. ಅವರ ಸ್ವದೇಶಿ ಪೆನ್ನು ಗಾಂಧೀಜಿಗೆ ತಲುಪಿತು. ಪೆನ್ನು ಬಳಸಿ ನೋಡಿದ ಗಾಂಧೀಜಿ, ಇದು ಪರದೇಶದ ಪೆನ್ನಿನ ಜಾಗಕ್ಕೆ ನಿಲ್ಲುತ್ತದೆ ಅಂತ 1935ರಲ್ಲಿ ಅವರಿಗೆ ಪತ್ರ ಬರೆದರು. ರತ್ನಂ ಪೆನ್ನು ಇಂದಿಗೂ ಕೈಯಲ್ಲೇ ತಯಾರಾಗುತ್ತದೆ. ಅದೇ ಊರಿನ ಗೈಡರ್, ಹೈದರಾಬಾದಿನ ಡೆಕ್ಕನ್, ತಮಿಳುನಾಡಿನ ರಂಗ, ಹೀಗೆ ಒಂದೊಂದು ಊರಿಗೆ ಒಂದೊಂದು ಕೈ ಇದೆ. ಒಂದೇ ಮಾದರಿಯ ಎರಡು ಪೆನ್ನು ಪಕ್ಕಪಕ್ಕ ಇಟ್ಟು ಕ್ಯಾಪ್ ತಿರುಗಿಸಿ ನೋಡಿ. ಒಂದು ಎರಡು ಸುತ್ತಿಗೆ ಬಿಡುತ್ತದೆ, ಇನ್ನೊಂದಕ್ಕೆ ಎರಡೂಕಾಲು ಬೇಕಾಗುತ್ತದೆ. ಕಡೆದವರ ಕೈ ಅಲ್ಲಿ ಗೊತ್ತಾಗುತ್ತದೆ.

ಮಸಿಯಲ್ಲೂ ಸ್ವದೇಶಿಯ ಕಥೆ ಇದೆ. ಮುಂಬೈಯಲ್ಲಿ ದಾಂಡೇಕರ್ ಅವರು 1931ರಲ್ಲಿ ಕುದುರೆ ಗುರುತಿನ ಮಸಿ ಪುಡಿ, ಮಸಿ ಮಾತ್ರೆಗಳಿಂದ ಆರಂಭಿಸಿದ್ದು ಮುಂದೆ ಕ್ಯಾಮ್ಲಿನ್ ಆಯಿತು. ಮಾತ್ರೆಯನ್ನು ನೀರಲ್ಲಿ ಕರಗಿಸಿ ಬರೆಯುತ್ತಿದ್ದದ್ದನ್ನು ಮನೆಯ ಹಿರಿಯರನ್ನು ಕೇಳಿದರೆ ಹೇಳಿಯಾರು. ಬಂಗಾಳದ ಮೈತ್ರಾ ಸಹೋದರರು 1934ರಲ್ಲಿ ಸುಲೇಖಾ ಇಂಕ್ ಶುರು ಮಾಡಿದರು. ಕೋಲ್ಕತ್ತದ ಜಾದವ್‌ಪುರದಲ್ಲಿ ಅದರ ಕಾರ್ಖಾನೆ ಇದ್ದ ಸರ್ಕಲ್ಲಿಗೆ ಸುಲೇಖಾ ಅಂತಲೇ ಹೆಸರು. 1980ರ ದಶಕದ ಕೊನೆಗೆ ಬಾಗಿಲು ಹಾಕಿದ್ದ ಕಾರ್ಖಾನೆಯಿಂದ 2020ರ ಸುಮಾರಿಗೆ ಮತ್ತೆ ಮಸಿ ಬುಡ್ಡಿ ಹೊರಬಂತು. ಕೇರಳದ ಕೃಷ್ಣ ಇಂಕ್ ಈಗ ಪರದೇಶದ ಮೇಜುಗಳ ಮೇಲೂ ಇದೆ.

ಕೂಡಿಡಬೇಕು ಅನ್ನುವವರಿಗೆ ನನ್ನ ಸಲಹೆ ಒಂದೇ. ಮೂರಕ್ಕಿಂತ ಜಾಸ್ತಿ ಪೆನ್ನಿನಲ್ಲಿ ಒಟ್ಟಿಗೆ ಮಸಿ ತುಂಬಿಡಬೇಡಿ. ಉಳಿದವನ್ನು ತೊಳೆದು ಒಣಗಿಸಿ ಇಡಿ. ಹತ್ತು ಪೆನ್ನು ತುಂಬಿಟ್ಟರೆ ಏಳು ಒಣಗುತ್ತವೆ. ಮಸಿ ಬುಡ್ಡಿಗೆ ಪೆನ್ನನ್ನು ನೇರ ಅದ್ದುವುದಕ್ಕಿಂತ, ಬೇಕಾದಷ್ಟನ್ನು ಚಿಕ್ಕ ಶೀಶೆಗೆ ಸುರಿದುಕೊಂಡು ತುಂಬುವುದು ಒಳ್ಳೆಯದು. ಕರಾವಳಿಯ ಮಳೆಗಾಲದಲ್ಲಿ ಬುಡ್ಡಿಯೊಳಗೂ ಬೂಷ್ಟು ಬರುತ್ತದೆ. ಮೇಲೆ ಕೆನೆಯಂಥದ್ದು ತೇಲಿದರೆ, ವಾಸನೆ ಕೆಟ್ಟಿದ್ದರೆ, ಎಷ್ಟೇ ಇಷ್ಟದ ಮಸಿಯಾದರೂ ಚೆಲ್ಲಿಬಿಡಿ.

ಕೊನೆಯದಾಗಿ ಮನೆಯ ಟ್ರಂಕಿನಲ್ಲಿ ಸಿಕ್ಕ ಹಳೆ ಪೆನ್ನಿನ ವಿಷಯ. ಹೊಸ ಪೆನ್ನು ಕೊಳ್ಳುವ ಮೊದಲು ಅದನ್ನು ಒಮ್ಮೆ ಬದುಕಿಸಲು ನೋಡಿ. ಕ್ಯಾಪ್ ಬಿಗಿಯಾಗಿದ್ದರೆ ಇಕ್ಕಳ ಹಾಕಬೇಡಿ. ತಿರುಪಿನ ಭಾಗವನ್ನಷ್ಟೇ ತಣ್ಣೀರಿನಲ್ಲಿ ಅರ್ಧ ಗಂಟೆ ಇಟ್ಟು ನಿಧಾನವಾಗಿ ತಿರುಗಿಸಿ. ಎಬೊನೈಟನ್ನು ಅದಕ್ಕಿಂತ ಹೆಚ್ಚು ಹೊತ್ತು ನೀರಿನಲ್ಲಿ ಬಿಟ್ಟರೆ ಮೈಬಣ್ಣ ಹೋಗುತ್ತದೆ. ನಿಬ್ಬಿನ ಕುತ್ತಿಗೆ ಬಿಚ್ಚಿ, ಹಿಂದಿನಿಂದ ಫಿಲ್ಲರ್‌ನಲ್ಲಿ ನೀರು ಬಿಡಿ. ಮೊದಲು ಏನೂ ಬರುವುದಿಲ್ಲ. ಆಮೇಲೆ ನಿಬ್ಬಿನ ತುದಿಯಲ್ಲಿ ತೆಳು ನೀಲಿಯ ಒಂದು ಹನಿ ಮೂಡುತ್ತದೆ. ನನ್ನ ಅಜ್ಜನ ಪೆನ್ನಿನಲ್ಲಿ ಹಾಗೆ ಮೂಡಿದ್ದು ಅವರು ತೀರಿಹೋಗಿ ಇಪ್ಪತ್ತು ವರ್ಷದ ಮೇಲೆ, ಅವರೇ ತುಂಬಿದ ಮಸಿ. ಸ್ಪಿರಿಟ್, ಥಿನ್ನರ್ ಹಾಕಬೇಡಿ, ಪೆನ್ನಿನ ಮೈ ಕರಗಬಹುದು. ನೀರು ಸಾಲದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ನೀರು ತಿಳಿಯಾಗುವವರೆಗೆ ಬಿಡುತ್ತಾ ಇರಿ, ಒಂದು ಸಂಜೆ ಬೇಕಾದೀತು. ಆಮೇಲೆ ನಿಬ್ಬು ಕೆಳಗೆ ಮಾಡಿ ಟಿಶ್ಯೂ ಮೇಲೆ ರಾತ್ರಿಯಿಡೀ ನಿಲ್ಲಿಸಿ.

ಬೆಳಿಗ್ಗೆ ಟಿಶ್ಯೂ ಬೆಳ್ಳಗೇ ಇದ್ದರೆ ಒಳಗೆ ಹಳೇ ಮಸಿ ಉಳಿದಿಲ್ಲ, ಗಾಳಿಯ ದಾರಿ, ಮಸಿಯ ದಾರಿ ಎರಡೂ ತೆರೆದಿವೆ ಅಂತ. ಸಾದಾ ನೀಲಿ ಮಸಿ ತುಂಬಿ. ಪೂರ್ತಿ ತುಂಬಿ. ಆ ವಾರ ಮಡಿಕೇರಿ ಕಡೆ ಹೋಗುವುದಿದ್ದರಂತೂ ಕುತ್ತಿಗೆಯವರೆಗೆ.